ಆಫ್ರಿಕಾ ಹೆಸರಿನ ಮನೆ ಕಟ್ಟೋದಾ, ಕಾಡಿನ ಹಕ್ಕುಪತ್ರ ಕೇಳೋದಾ? ಸಿದ್ದಿ ಕೇರಿಯಿಂದ ಒಂದು ಪ್ರಶ್ನೆ

ಡಮಾಮಿ ಹುಡುಗಿ
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಬರೀ ಓದ್ತಾ ಇದ್ದೆ, ಬರೆಯೋದು ಇದೇ ಮೊದಲು. ನಾನು ಯಲ್ಲಾಪುರ ಕಡೆಯ ಸಿದ್ದಿ. ಬೆಂಗಳೂರಲ್ಲಿ ನರ್ಸ್ ಕೆಲಸ ಮಾಡ್ತೀನಿ.

ನಮ್ಮ ಕೇರಿಗೆ ಎರಡು ವರ್ಷದಿಂದ ಹೊರದೇಶದ ಕೆಲವರು ಬಂದು ಹೋಗ್ತಿದ್ದಾರೆ. ಅವರೂ ನಮ್ಮ ಹಾಗೇ ಆಫ್ರಿಕಾ ಮೂಲದವರು, ಅಮೆರಿಕದಲ್ಲಿ ಇರೋರು. ಒಳ್ಳೇ ಜನ, ನಮ್ಮನೇಲೇ ಊಟ ಮಾಡಿದ್ದಾರೆ. ಈಗ ಕೇರಿಯಲ್ಲಿ ಒಂದು ಸಮುದಾಯ ಭವನ ಕಟ್ಟಿಸಿಕೊಡ್ತೀವಿ ಅಂತಿದ್ದಾರೆ. ಆದರೆ ಅದಕ್ಕೆ 'ಆಫ್ರಿಕಾ ಮನೆ' ಅಂತ ಹೆಸರಿಡಬೇಕು, ಗೋಡೆ ಮೇಲೆ ಆಫ್ರಿಕಾದ ನಕ್ಷೆ ಬರೆಸಬೇಕು, ಮಕ್ಕಳಿಗೆ 'ನಿಜವಾದ ಮೂಲ ಸಂಸ್ಕೃತಿ' ಕಲಿಸಬೇಕು. ನಮ್ಮ ಹುಡುಗರೆಲ್ಲ ಕುಣಿದಾಡ್ತಿದ್ದಾರೆ. ನನ್ನ ತಮ್ಮ ಕೈ ಮೇಲೆ ಆಫ್ರಿಕಾದ ಹಚ್ಚೆ ಹಾಕಿಸಿಕೊಂಡು ಬಂದಿದ್ದಾನೆ.

ಅಜ್ಜಿ ಮಾತ್ರ ಸುಮ್ಮನೆ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಮನೆ ಕಟ್ಟೋ ಜಾಗ ಯಾರದು?"

ಯಾರ ಹತ್ತಿರವೂ ಉತ್ತರ ಇಲ್ಲ. ಕೇರಿಯ ಜಾಗ ಎಲ್ಲ ಅರಣ್ಯದ ಲೆಕ್ಕದಲ್ಲಿ ಅತಿಕ್ರಮಣ. ಜಿಪಿಎಸ್ ಅಳತೆ ಆಗಿದೆ, ಹಕ್ಕುಪತ್ರ ಬಂದಿಲ್ಲ. ಬರುವ ಭಾನುವಾರ ಸಭೆ ಇದೆ, ನಾನೂ ಮಾತಾಡಬೇಕು. ಎಂತ ಹೇಳೋದು ಅಂತ ತಲೆ ಕೆಟ್ಟುಹೋಗಿದೆ.

ಬೆಂದಕಾಳೂರು ಗುರು
ದುಡ್ಡು ಕೊಡ್ತಾರೆ ತಾನೆ? ಹೆಸರು ಏನಾದ್ರೆ ಏನು? ಮೆಟ್ರೋ ಸ್ಟೇಷನ್ನಿಗೇ ಕಂಪನಿ ಹೆಸರು ಇಟ್ಟಿದ್ದಾರೆ.

ಮಾಸ್ತರ್ ಹಳಿಯಾಳ
ತಂಗಿ, ನಿಮ್ಮ ಅಜ್ಜಿ ಕೇಳಿದ್ದು ಬರೋಬ್ಬರಿ ಐತಿ. ಮೂವತ್ತು ವರ್ಷ ನಿಮ್ಮ ಕಡೆ ಶಾಲಿಯೊಳಗ ಕಲಿಸೀನಿ, ಅದಕ್ಕ ನಾಕು ಮಾತು ಹೇಳತೀನಿ.

2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಪರಿಶಿಷ್ಟ ಪಂಗಡದವರಾದರ 2005ರ ಡಿಸೆಂಬರ್ 13ರ ಮೊದಲ ಆ ಜಾಗದಾಗ ಇದ್ದೀವಿ ಅಂತ ತೋರಿಸಿದರ ಸಾಕು. ಉಳಿದ ಪಾರಂಪರಿಕ ಅರಣ್ಯವಾಸಿಗಳಾದರ ಮೂರು ತಲೆಮಾರು, ಅಂದರ 75 ವರ್ಷದ ದಾಖಲೆ ಬೇಕು. ಉತ್ತರ ಕನ್ನಡದ ಸಿದ್ದಿಗಳು 2003ರಾಗ ಎಸ್‌ಟಿ ಪಟ್ಟಿಗೆ ಸೇರಿದರು. ಆದ್ದರಿಂದ ನಿಮಗ 75 ವರ್ಷದ ಕಾಗದ ಕೇಳಾಕ ಬರೂದಿಲ್ಲ. ಯಾರರ ಕೇಳಿದರ ಬರೆದು ಕೊಡ್ರಿ ಅನ್ನು.

ಇನ್ನೊಂದು. ಅದ ಕಾಯ್ದೆಯೊಳಗ ಶಾಲಿ, ಅಂಗನವಾಡಿ, ಕುಡಿಯೂ ನೀರು, ಸಮುದಾಯ ಭವನ ಇಂಥವಕ್ಕ ಒಂದು ಹೆಕ್ಟೇರ್ ಒಳಗಿನ ಅರಣ್ಯ ಜಾಗ ಕೊಡಾಕ ದಾರಿ ಐತಿ, ಹೆಕ್ಟೇರಿಗೆ 75 ಗಿಡಕ್ಕಿಂತ ಹೆಚ್ಚು ಕಡಿಯೂ ಹಂಗಿಲ್ಲ. ಗ್ರಾಮಸಭೆ ಶಿಫಾರಸು ಮಾಡಬೇಕು. ಆದರ ಅದು ಸರಕಾರ ನಡೆಸೂ ಸೌಲಭ್ಯ ಆಗಬೇಕು. ಹೊರಗಿನವರ ದುಡ್ಡಿನ ಖಾಸಗಿ ಕಟ್ಟಡಕ್ಕ ಆ ದಾರಿ ಇಲ್ಲ. ಅಡಿಪಾಯ ಹಾಕಿದ ಮರುದಿನ ಗಾರ್ಡ್ ಬಂದು ನಿಂತರ ಅಮೆರಿಕದವರು ಬರೂದಿಲ್ಲ, ನೀವ ನಿಲ್ಲಬೇಕು.

ಲೆಕ್ಕಪತ್ರ
ನಾನು ಸಿಎ. ಜಾಗ ಬಿಡಿ, ದುಡ್ಡು ಹೇಗೆ ಬರುತ್ತೆ? ನಿಮ್ಮ ಸಂಘಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇದೆಯಾ? ಇಲ್ಲದಿದ್ದರೆ ವಿದೇಶದ ದೇಣಿಗೆ ಒಂದು ರೂಪಾಯಿನೂ ಮುಟ್ಟಬೇಡಿ. 2020ರ ತಿದ್ದುಪಡಿ ಆದಮೇಲೆ ವಿದೇಶಿ ದೇಣಿಗೆ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. "ನನ್ನ ಖಾತೆಗೆ ಹಾಕ್ಲಿ, ಆಮೇಲೆ ನೋಡ್ಕೊಳ್ಳೋಣ" ಅನ್ನೋರು ಪ್ರತಿ ಊರಲ್ಲೂ ಒಬ್ಬರಿರ್ತಾರೆ. ಅವರನ್ನ ದೂರ ಇಡಿ.

ಡಮಾಮಿ ಹುಡುಗಿ
ಲೆಕ್ಕಪತ್ರ ಸರ್, ಆ ಒಬ್ಬರು ನಮ್ಮಲ್ಲೂ ಇದ್ದಾರೆ 😄

ಇತಿಹಾಸದ ಹುಚ್ಚ
ಸಿದ್ದಿಗಳು ಅಂದರೆ ಪೋರ್ಚುಗೀಸರು ಗೋವಾಕ್ಕೆ ತಂದ ಗುಲಾಮರ ಸಂತತಿ. ತಪ್ಪಿಸಿಕೊಂಡು ಘಟ್ಟ ಹತ್ತಿದವರು. ಅಷ್ಟೇ ಇತಿಹಾಸ. ಮೂಲ ಆಫ್ರಿಕಾನೇ ತಾನೆ, ಹೆಸರು ಇಡೋದರಲ್ಲಿ ತಪ್ಪೇನಿದೆ?

ಗೋಳಗುಮ್ಮಟದ ನೆರಳು
ಅಷ್ಟೇ ಅಂತ ಮುಗಿಸಬ್ಯಾಡ್ರಿ. ದಖನ್ನಿನ ಹಬ್ಶಿಗಳ, ಅಂದರ ಆಫ್ರಿಕಾದಿಂದ ಬಂದವರ ಕಥಿ ಬ್ಯಾರೆನ ಐತಿ. ಮಲಿಕ್ ಅಂಬರ್ ಇಥಿಯೋಪಿಯಾದಾಗ ಹುಟ್ಟಿ, ಮಾರಾಟ ಆಗಿ, ಕೈಯಿಂದ ಕೈಗೆ ದಾಟಿ, ಕಡೀಕ ಅಹ್ಮದ್‌ನಗರದ ಆಡಳಿತಾನ ಕೈಗೆ ತಗೊಂಡ. 1626ರಾಗ ಸಾಯೂ ತನಕ ಮೊಘಲರಿಗೆ ನಿದ್ದಿ ಮಾಡಾಕ ಬಿಡಲಿಲ್ಲ. ಔರಂಗಾಬಾದ್, ಈಗಿನ ಛತ್ರಪತಿ ಸಂಭಾಜಿನಗರ, ಮೊದಲ ಅವ ಕಟ್ಟಿಸಿದ ಖಡಕಿ. ನಮ್ಮ ವಿಜಾಪುರದಾಗ ಇಖ್ಲಾಸ್ ಖಾನ್ ಅನ್ನೂ ಹಬ್ಶಿ ವಜೀರ ಆಗಿದ್ದ. ಗುಲಾಮ ಅನ್ನೂದೊಂದ ಚೀಟಿ ಎಲ್ಲಾರಿಗೂ ಅಂಟಿಸಬ್ಯಾಡ್ರಿ.

ಇತಿಹಾಸದ ಹುಚ್ಚ
ಸರಿ, ಒಪ್ಪಿದೆ. ಆದರೆ ಯಲ್ಲಾಪುರದ ಕಾಡಿನ ಸಿದ್ದಿಗೂ ವಿಜಾಪುರದ ವಜೀರನಿಗೂ ಏನು ಸಂಬಂಧ? ದೊಡ್ಡ ಮನುಷ್ಯರನ್ನ ಹುಡುಕಿ ವಂಶಾವಳಿಗೆ ಜೋಡಿಸೋದು ಎಲ್ಲ ಜಾತಿಯವರೂ ಮಾಡೋ ಕೆಲಸ.

ಗೋಳಗುಮ್ಮಟದ ನೆರಳು
ಅದೂ ಖರೆ ಐತಿ ಬಿಡ್ರಿ.

ಜೀನ್ ಪ್ಯಾಂಟು
ರಕ್ತದ ಲೆಕ್ಕ ಬೇಕಾದರೆ: 2011ರಲ್ಲಿ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಸಿದ್ದಿಗಳ ಡಿಎನ್‌ಎ ಅಧ್ಯಯನ ಪ್ರಕಟಿಸಿದರು. ಆಫ್ರಿಕಾದ ಬಾಂಟು ಭಾಷಿಕರ ಪಾಲು ದೊಡ್ಡದು, ಜೊತೆಗೆ ಭಾರತದ್ದೂ ಬೆರೆತಿದೆ ಅಂತ ಬಂತು. ಎರಡೂ ಇದೆ. ಜಗಳ ಮುಗೀತು.

ಕಲಘಟಗಿ ಸಿದ್ದಿ
ಜಗಳ ಹೆಂಗ ಮುಗೀತಣ್ಣ? ನನ್ನ ರಕ್ತದಾಗ ಬಾಂಟು ಐತಿ ಅಂತ ಲ್ಯಾಬಿನವರು 2011ರಾಗ ಹೇಳಿದರು. ನಾನು ಸಿದ್ದಿ ಅಂತ ಸರಕಾರ ಒಪ್ಪಿದ್ದು 2020ರಾಗ! ಉತ್ತರ ಕನ್ನಡದ ನಮ್ಮ ಮಾವನ ಮಕ್ಕಳು 2003ರಿಂದ ಎಸ್‌ಟಿ. ಗಡಿ ದಾಟಿ ಧಾರವಾಡ ಜಿಲ್ಲಾಕ್ಕ ಬಂದರ ನಾವು ಎಸ್‌ಟಿ ಅಲ್ಲ. ಬೆಳಗಾವಿ ಜಿಲ್ಲಾದಾಗೂ ಹಿಂಗ ಇತ್ತು. ಹದಿನೇಳು ವರ್ಷ ಮದುವಿ ಸಂಬಂಧ ಇತ್ತು, ಸರ್ಟಿಫಿಕೇಟ್ ಸಂಬಂಧ ಇರಲಿಲ್ಲ. ಮಾಸ್ತರ್ ಹೇಳಿದ ಆ 75 ವರ್ಷದ ದಾಖಲಿ ನಮ್ಮ ಅಪ್ಪ ಎಲ್ಲಿಂದ ತರತಿದ್ದ? ಕಾಡಿನಾಗ ಹುಟ್ಟಿದವರಿಗೆ ಯಾರು ಕಾಗದ ಬರದಿಟ್ಟಾರ?

ಇನ್ನ ಹೆಸರಿನ ಮಾತು. ನಾವು ಮುಸ್ಲಿಂ ಸಿದ್ದಿ. ಹಳಿಯಾಳದಾಗ ಕ್ರಿಶ್ಚಿಯನ್ ಸಿದ್ದಿ ಅದಾರ, ಯಲ್ಲಾಪುರದಾಗ ಹಿಂದೂ ಸಿದ್ದಿ. ಮೂರೂ ಮಂದಿ ಒಂದ ಕಡೆ ಕೂಡೂದು ಡಮಾಮಿ ಡೋಲು ಬಡಿದಾಗ, ಇಲ್ಲಾ ಸಾತುಂಬೈಲಿನಾಗ ಸಿದ್ದಿನಾಸನ ಜಾತ್ರ್ಯಾಗ. ಆ ಮನಿಗೆ ಹೆಸರು ಇಡೂದಿದ್ದರ ಅದನ್ನ ಇಡ್ರಿ. ಆಫ್ರಿಕಾ ನಾವ್ಯಾರೂ ನೋಡಿಲ್ಲ.

ಡಮಾಮಿ ಹುಡುಗಿ
ಅಣ್ಣಾ, ನಿಮ್ಮ ಮಾತು ಮನಸ್ಸಿಗೆ ಬಂತು. ಆದರೆ ತಮ್ಮನದೂ ತಪ್ಪು ಅನ್ನೋಕಾಗಲ್ಲ. ಬೆಂಗಳೂರಲ್ಲಿ ನನ್ನನ್ನ ನೋಡಿದ ಕೂಡಲೇ ಆಟೋದವರು ಇಂಗ್ಲಿಷಲ್ಲಿ ಮಾತಾಡಿ ಮೂರು ಪಟ್ಟು ಬಾಡಿಗೆ ಹೇಳ್ತಾರೆ. "ಎಂತ ಮಾರಾಯ್ರೆ, ಮೀಟರ್ ಹಾಕಿ" ಅಂದರೆ ಗಾಬರಿ ಬಿದ್ದು, ಆಮೇಲೆ "ಮೇಡಂ, ಕನ್ನಡ ಎಷ್ಟು ಬೇಗ ಕಲಿತ್ರಿ!" ಅಂತ ಹೊಗಳ್ತಾರೆ. ಪಿಜಿಯಲ್ಲಿ ರೂಮು ಕೊಡುವಾಗ ಪಾಸ್‌ಪೋರ್ಟ್ ಕೇಳಿದ್ರು. ಆಧಾರ್ ತೋರಿಸಿದ್ರೆ ಎರಡು ಸಲ ತಿರುಗಿಸಿ ನೋಡಿದ್ರು. ದಿನಾ ಹೀಗೆ ಆದಾಗ, ನಿನ್ನ ಹಾಗೇ ಇರೋರು ಪ್ರಪಂಚದಲ್ಲಿ ಕೋಟಿಗಟ್ಟಲೆ ಇದ್ದಾರೆ, ತಲೆ ಎತ್ತಿ ನಡೀ ಅಂತ ಯಾರೋ ಹೇಳಿದರೆ ಇಷ್ಟ ಆಗುತ್ತೆ. ನನಗೂ ಆಗಿತ್ತು.

ಕರಾವಳಿ ಕಾಫಿ
ಸಿನಿಮಾದವರೂ ಹಾಗೇ. ಸಿದ್ದಿ ಕಲಾವಿದರಿಗೆ ವಿಲನ್ನಿನ ಹಿಂದೆ ನಿಲ್ಲುವ ಪಾತ್ರ. ನೀನಾಸಂನಲ್ಲಿ ಪಳಗಿದವರಿಗೂ ಅದೇ. ಪ್ರಶಾಂತ್ ಸಿದ್ದಿ ಒಬ್ಬರು ಸ್ವಲ್ಪ ಬೇರೆ ಪಾತ್ರ ಮಾಡಿ ತೋರಿಸಿದ್ರು. ಗಿರಿಜಾ ಸಿದ್ದಿ ಹಾಡು ಕೇಳಿದ್ದೀರಾ ಯಾರಾದ್ರೂ?

ಬೆಂದಕಾಳೂರು ಗುರು
ಕ್ರೀಡೆಗೆ ಕಳಿಸಬೇಕು ಗುರು ಇವರನ್ನ. ಒಲಿಂಪಿಕ್ಸ್ ಮೆಡಲ್ ಗ್ಯಾರಂಟಿ.

ಕಲಘಟಗಿ ಸಿದ್ದಿ
ಬಂತು ನೋಡ್ರಿ, ನಾನು ಇದಕ್ಕ ಕಾಯಾಕತ್ತಿದ್ದೆ. 1987ರಾಗ ಮಾರ್ಗರೆಟ್ ಆಳ್ವ ಮಂತ್ರಿ ಇದ್ದಾಗ ಕ್ರೀಡಾ ಪ್ರಾಧಿಕಾರದವರು ಸಿದ್ದಿ ಮಕ್ಕಳನ್ನ ಆರಿಸಿ ಒಯ್ದರು. ಓಡಿದರು, ಕಪ್ಪು ಗೆದ್ದರು. ಕೆಲವು ವರ್ಷಕ್ಕ ಯೋಜನಾ ನಿಂತಿತು. ನಮ್ಮ ಕಾಲು ನೋಡಿ ಕರದರು, ಮುಂದ ಏನ್ ಮಾಡತಿ ಅಂತ ಒಬ್ಬರೂ ಕೇಳಲಿಲ್ಲ. ನನಗ ಲೆಕ್ಕದ ಮಾಸ್ತರ್ ಆಗೂ ಆಸೆ ಇತ್ತು ಗುರುಗಳ, ಓಡೂದು ಮೊದಲಿಂದನೂ ಬರೂದಿಲ್ಲ.

ಬೆಂದಕಾಳೂರು ಗುರು
ತಪ್ಪಾಯ್ತು ಅಣ್ಣ. ಬಾಯಿ ಬಿಟ್ಟಾಗಲೆಲ್ಲ ಬೈಸ್ಕೊಳ್ತಿದೀನಿ ಇವತ್ತು.

ಅಟ್ಲಾಂಟಾದ ಅಳಿಯ
ತಡವಾಗಿ ಬಂದೆ. ಹದಿನಾರು ವರ್ಷದಿಂದ ಜಾರ್ಜಿಯಾ ರಾಜ್ಯದಲ್ಲಿದ್ದೇನೆ. ಅಜ್ಜಿಯ ಪ್ರಶ್ನೆ ಓದಿ ಇಲ್ಲಿನದೊಂದು ಕಥೆ ನೆನಪಾಯ್ತು. ಉದ್ದ ಆಗುತ್ತೆ, ಸಹಿಸಿಕೊಳ್ಳಿ.

1960ರ ದಶಕದಲ್ಲಿ ಇಲ್ಲಿನ ಕಪ್ಪು ಜನ ಮತದಾನದ ಹಕ್ಕು ಕೇಳಿದರೆ ಜಮೀನ್ದಾರರು ರಾತ್ರೋರಾತ್ರಿ ಗೇಣಿ ಬಿಡಿಸಿ ಬೀದಿಗೆ ಹಾಕ್ತಿದ್ದರು. ಹಕ್ಕು ಬಂದರೂ ನಿಲ್ಲೋಕೆ ನೆಲ ಇರಲಿಲ್ಲ. ಆಗ ಚಾರ್ಲ್ಸ್ ಶೆರೋಡ್, ಶರ್ಲಿ ಶೆರೋಡ್ ದಂಪತಿ ಮತ್ತು ಜೊತೆಗಾರರು 1969ರಲ್ಲಿ ಲೀ ಕೌಂಟಿಯಲ್ಲಿ 'ನ್ಯೂ ಕಮ್ಯುನಿಟೀಸ್' ಅಂತ ಶುರು ಮಾಡಿದರು. ಸುಮಾರು 5,700 ಎಕರೆ. ನೆಲ ಯಾವ ಒಬ್ಬನ ಹೆಸರಿಗೂ ಇಲ್ಲ, ಇಡೀ ಸಮುದಾಯದ ಟ್ರಸ್ಟಿನದು. ಮನೆ, ಬೆಳೆ ನಿಮ್ಮದು, ಆದರೆ ನೆಲ ಮಾರೋ ಹಾಗಿಲ್ಲ. ಕಬ್ಬು, ಕಡಲೆಕಾಯಿ, ಹಂದಿ ಸಾಕಣೆ ಎಲ್ಲ ಮಾಡಿದರು. ಈಗ ಅಮೆರಿಕದ ತುಂಬ ಇರುವ ಕಮ್ಯುನಿಟಿ ಲ್ಯಾಂಡ್ ಟ್ರಸ್ಟುಗಳಿಗೆಲ್ಲ ಅದೇ ಮೂಲ.

ಮಜಾ ಏನು ಗೊತ್ತಾ? ಆ ಉಪಾಯ ಕೊಟ್ಟವರಲ್ಲಿ ಒಬ್ಬರಾದ ರಾಬರ್ಟ್ ಸ್ವಾನ್ ಅವರಿಗೆ ದಾರಿ ತೋರಿಸಿದ್ದು ನಮ್ಮ ವಿನೋಬಾ ಅವರ ಗ್ರಾಮದಾನ, ಅಂದರೆ ಊರಿನ ನೆಲವನ್ನ ಊರಿಗೇ ಒಪ್ಪಿಸುವ ಚಳವಳಿ. ಈ ಗುಂಪಿನವರು ಇಸ್ರೇಲಿಗೂ ಹೋಗಿ ಅಲ್ಲಿ ನೆಲ ಗುತ್ತಿಗೆ ಕೊಡುವ ಪದ್ಧತಿ ನೋಡಿಬಂದರು. ಆಫ್ರಿಕಾ ಅವರ ಹಾಡಲ್ಲಿ, ಚರ್ಚಲ್ಲಿ, ಅಡುಗೆಯಲ್ಲಿ ಇದ್ದೇ ಇತ್ತು. ನೆಲದ ಕಾಗದ ಮಾಡುವಾಗ ಮಾತ್ರ ಎಲ್ಲಿ ಒಳ್ಳೇದಿತ್ತೋ ಅಲ್ಲಿಂದ ತಂದರು.

ಆಮೇಲೆ ಬರ ಬಂತು. ಸರ್ಕಾರದ ಕೃಷಿ ಸಾಲ ಬಿಳಿ ರೈತರಿಗೆ ಸಿಕ್ಕಿತು, ಇವರಿಗೆ ವರ್ಷಗಟ್ಟಲೆ ಅಲೆದಾಟ. 1985ರಲ್ಲಿ ಜಮೀನು ಪೂರ್ತಿ ಕೈಬಿಟ್ಟಿತು. ಕೋರ್ಟು ಮೆಟ್ಟಿಲು ಹತ್ತಿ ಕೊನೆಗೆ 2009ರಲ್ಲಿ ಸುಮಾರು 1 ಕೋಟಿ 20 ಲಕ್ಷ ಡಾಲರ್ ಪರಿಹಾರ ಬಂತು. ಆ ದುಡ್ಡಲ್ಲಿ 2011ರಲ್ಲಿ ಆಲ್ಬನಿ ಊರಿನ ಹತ್ತಿರ 1,600 ಎಕರೆ ಚಿಲ್ಲರೆ ಕೊಂಡರು. ಆ ಜಾಗ ಹಿಂದೆ ನೂರಾರು ಗುಲಾಮರನ್ನ ದುಡಿಸಿದ್ದ ಧಣಿಯೊಬ್ಬನ ತೋಟ!

1920ರಲ್ಲಿ ಈ ದೇಶದಲ್ಲಿ 9 ಲಕ್ಷ 25 ಸಾವಿರ ಕಪ್ಪು ರೈತರಿದ್ದರು. ಈಗ 50 ಸಾವಿರದ ಆಚೀಚೆ. ಅದಕ್ಕೇ ಹೇಳಿದ್ದು, ಅಜ್ಜಿ ಕೇಳಿದ್ದು ಸಣ್ಣ ಪ್ರಶ್ನೆ ಅಲ್ಲ.

ಯಲವಾಲದ ಹುಡುಗ
ತಡೀರಿ ತಡೀರಿ. ಗ್ರಾಮದಾನ ಅಂದ್ರೆ 1957ರಲ್ಲಿ ಮೈಸೂರು ಪಕ್ಕದ ನಮ್ಮ ಯಲವಾಲದಲ್ಲಿ ನೆಹರೂ, ವಿನೋಬಾ ಎಲ್ಲ ಕೂತು ಸಮ್ಮೇಳನ ಮಾಡಿದ್ರಲ್ಲ, ಅದೇನಾ? ನಮ್ಮ ತಾತ ಅವತ್ತು ನೀರು ಹೊತ್ತಿದ್ದೆ ಅಂತ ಸಾಯೋ ತನಕ ಹೇಳ್ತಿದ್ರು. ಜಾರ್ಜಿಯಾ ತನಕ ಹೋಯ್ತಾ ಅದು!

ಅಟ್ಲಾಂಟಾದ ಅಳಿಯ
ಅದೇ ಚಳವಳಿ ಸ್ವಾಮಿ. ಈಗ ಯಲವಾಲದಲ್ಲಿ ಗ್ರಾಮದಾನದ ಗುರುತು ಏನಾದರೂ ಇದೆಯಾ?

ಯಲವಾಲದ ಹುಡುಗ
ಸೈಟುಗಳಿವೆ ಸಾರ್. 30x40 ಬೇಕಾ?

ಎರಡನೇ ಪ್ರಶ್ನೆ
ನನ್ನದೊಂದು ತಕರಾರು. ಅಮೆರಿಕದ ಕಪ್ಪು ಜನರ ಎಲ್ಲವನ್ನೂ ಮಾದರಿ ಅಂತ ತಲೆ ಮೇಲೆ ಹೊತ್ಕೋಬೇಡಿ. ಕ್ವಾಂಜಾ ಹಬ್ಬ ನೋಡಿ, 1966ರಲ್ಲಿ ಮೌಲಾನಾ ಕರೇಂಗಾ ಅನ್ನುವವರು ಕ್ಯಾಲಿಫೋರ್ನಿಯಾದಲ್ಲಿ ಕೂತು ಹುಟ್ಟುಹಾಕಿದ್ದು. ಏಳು ದಿನಕ್ಕೆ ಏಳು ತತ್ವ, ಎಲ್ಲ ಸ್ವಾಹಿಲಿ ಹೆಸರು. ಎರಡನೇ ದಿನದ್ದು 'ಕುಜಿಚಗುಲಿಯಾ', ಅಂದರೆ ಸ್ವನಿರ್ಣಯ. ಅಮೆರಿಕಕ್ಕೆ ಗುಲಾಮರು ಹೋಗಿದ್ದು ಬಹುಪಾಲು ಪಶ್ಚಿಮ ಆಫ್ರಿಕಾದಿಂದ, ಸ್ವಾಹಿಲಿ ಪೂರ್ವ ಕರಾವಳಿಯ ಭಾಷೆ. ಹಬ್ಬ ಕಟ್ಟಿದ್ದು, ಭಾಷೆ ಎರವಲು. ಇದೇನು ಪೂರ್ವಜರ ಪರಂಪರೆ?

ಅಟ್ಲಾಂಟಾದ ಅಳಿಯ
ಊರು, ಭಾಷೆ, ಮನೆತನದ ಹೆಸರು ಎಲ್ಲ ಕಿತ್ತುಕೊಂಡ ಮೇಲೆ ಇನ್ನೆಲ್ಲಿಂದ ಹುಡುಕಿ ತರಬೇಕಿತ್ತು? ಯಾವ ಊರಿನವರು ಅಂತ ಗೊತ್ತಿಲ್ಲದವರು ಇಡೀ ಖಂಡವನ್ನೇ ಊರು ಅಂದುಕೊಂಡರು. ಕಟ್ಟಿದ ಹಬ್ಬವೇ, ನಿಜ. ಯಾವ ಹಬ್ಬ ಆಕಾಶದಿಂದ ಬಿತ್ತು? ಮನೆಮನೆಯ ಗಣಪತಿಯನ್ನ ಬೀದಿಗೆ ತಂದು ಸಾರ್ವಜನಿಕ ಮಾಡಿದ್ದೂ 1890ರ ದಶಕದಲ್ಲೇ.

ಎರಡನೇ ಪ್ರಶ್ನೆ
ಗಣಪತಿ ವಿಷಯ ಎತ್ತಿದರೆ ಈ ಚರ್ಚೆ ನೂರು ಪುಟ ಆಗುತ್ತೆ, ಬೇಡ. ಆದರೆ ತಮಾಷೆ ನೋಡಿ, ಸ್ವಾಹಿಲಿ ಅಮೆರಿಕದವರಿಗಿಂತ ಸಿದ್ದಿಗಳಿಗೇ ಹತ್ತಿರ. ಗುಜರಾತಿನ ಸಿದ್ದಿಗಳ 'ಗೋಮಾ' ಕುಣಿತದ ಹೆಸರು ಸ್ವಾಹಿಲಿಯ 'ಎನ್ಗೋಮಾ'ದಿಂದ ಬಂದದ್ದು, ಡೋಲು, ಕುಣಿತ ಎರಡಕ್ಕೂ ಅದೇ ಪದ.

ಕೌದಿ ಕಮಲಕ್ಕ
ಎಲ್ಲರೂ ಡೋಲು, ಕಾಗದ ಅಂತೀರಿ, ಕೌದಿ ಬಗ್ಗೆ ಒಬ್ಬರೂ ಮಾತಾಡ್ಲಿಲ್ಲ. ಸಿದ್ದಿ ಹೆಂಗಸರು ಹೊಲಿಯೋ ಕವಂದಿ ನೋಡಿ ಅಮೆರಿಕದ ಪ್ರೊಫೆಸರ್ ಹೆನ್ರಿ ಡ್ರೂವಲ್ ಬಂದರು, 2004ರ ಸುಮಾರಿಗೆ ಹೆಂಗಸರದ್ದೇ ಸಹಕಾರ ಗುಂಪು ಆಯ್ತು, ಹೊರದೇಶದಲ್ಲಿ ಪ್ರದರ್ಶನ ಆಯ್ತು. ಅಲಬಾಮಾದ ಕಪ್ಪು ಹೆಂಗಸರ ಕೌದಿಗಳ ಜೊತೆ ಹೋಲಿಸಿ ಬರೀತಾರೆ. ನನಗೆ ಒಂದು ಅನುಮಾನ. ನಮ್ಮ ಗದಗಿನ ಕಡೆ ಮನೆಮನೆಯಲ್ಲೂ ಕೌದಿ ಇದೆ. ಹಳೇ ಸೀರೆ, ಧೋತರ ಸೇರಿಸಿ ಹೊಲಿಯೋದೇ. ಇದು ಆಫ್ರಿಕಾದಿಂದ ಬಂತು ಅಂತ ಹೆಂಗೆ ಹೇಳೋದು?

ಡಮಾಮಿ ಹುಡುಗಿ
ಕಮಲಕ್ಕ, ಅದೇ ಪ್ರಶ್ನೆ ನಾನು ಅಜ್ಜಿಗೆ ಕೇಳಿದ್ದೆ. ಎಲ್ಲಿಂದ ಬಂತೋ ಅವರಿಗೆ ಗೊತ್ತಿಲ್ಲ, ಬೇಕಾಗೂ ಇಲ್ಲ. ಆದರೆ ಹೇಗೆ ಹೊಲಿಯಬೇಕು ಅನ್ನೋದರಲ್ಲಿ ಮಾತ್ರ ಕಟ್ಟುನಿಟ್ಟು. ಮೂಲೆಯಿಂದ ಶುರು ಮಾಡಿ ಅಂಚು ಹಿಡಿದು ಸುತ್ತುತ್ತ ಸುತ್ತುತ್ತ ಒಳಗೆ ಹೋಗಬೇಕು, ಮಧ್ಯಕ್ಕೆ ಬಂದು ಮುಗೀಬೇಕು. ನಾಲ್ಕು ಮೂಲೆಗೂ ಬಟ್ಟೆ ಮಡಚಿ 'ಫೂಲ' ಇಡಬೇಕು. ಫೂಲ ಇಲ್ಲದಿದ್ದರೆ ಕವಂದಿ ಬತ್ತಲೆ ಅಂತಾರೆ. ನಾನು ಹೊಲಿದ ಮೊದಲ ಕವಂದಿಗೆ ಮೂರೇ ಫೂಲ ಇಟ್ಟಿದ್ದೆ, ಬಟ್ಟೆ ಸಾಲಲಿಲ್ಲ. ತನ್ನ ಸೆರಗನ್ನೇ ಕತ್ತರಿಸಿ ಕೊಟ್ಟರು.

ಕೌದಿ ಕಮಲಕ್ಕ
ಅಯ್ಯೋ! ನಮ್ಮ ಕಡೆ ಮೂಲೆಗೆ ಹಿಂಗೆ ಹೂವು ಇಡೋದು ನಾನು ನೋಡಿಲ್ಲ. ಒಂದು ನನಗೂ ಬೇಕು, ಸಿಂಗಲ್ ಮಂಚಕ್ಕೆ. ಖಾಸಗಿಯಾಗಿ ಬರೀತೀನಿ.

ಬೆಟ್ಟ ತೋಟ
ಶಿರಸಿ ಕಡೆಯ ಅಡಿಕೆ ಬೆಳೆಗಾರ. ಸಿದ್ದಿಗಳಿಗೆ ಅನ್ಯಾಯ ಆಗಿದೆ, ಇಲ್ಲ ಅನ್ನೋಲ್ಲ. ಆದರೆ ನಮ್ಮ ಮನೆಯ ಕೆಲಸಕ್ಕೆ ಬರುವವರನ್ನ ನಾವು ಮನೆ ಮಕ್ಕಳ ಹಾಗೆ ನೋಡಿಕೊಂಡಿದ್ದೇವೆ. ಎಲ್ಲರಿಗೂ ಪಟ್ಟಾ ಕೊಡುತ್ತ ಹೋದರೆ ಕಾಡು ಎಲ್ಲಿ ಉಳೀತು? ಅದೂ ಯೋಚಿಸಬೇಕಲ್ಲ.

ಕಲಘಟಗಿ ಸಿದ್ದಿ
ಹೆಗಡೇರ, ಸಿಟ್ಟಾಗಬ್ಯಾಡ್ರಿ, ಒಂದು ಕೇಳತೀನಿ. ಬ್ರಿಟಿಷರ ಕಾಲದಿಂದ ನಿಮಗ ಒಂದೆಕರೆ ತೋಟಕ್ಕ ಒಂಬತ್ತು ಎಕರೆ ತನಕ ಸೊಪ್ಪಿನ ಬೆಟ್ಟದ ಸವಲತ್ತು ಐತಿ. ಅದೂ ಅರಣ್ಯ ಜಾಗಾನ ಅಲ್ಲ? ಆ ಬೆಟ್ಟದ ಸೊಪ್ಪು ಕಡದು ಹೊತ್ತು ತಂದವರು ಯಾರು? ನೀವು ಕಡದರ ಸವಲತ್ತು, ನಾವು ಒಂದು ಗುಡಿಸಲಾ ಹಾಕಿದರ ಅತಿಕ್ರಮಣ. ಮನಿ ಮಕ್ಕಳು ಅಂದ್ರಿ. ಮನಿ ಮಕ್ಕಳಿಗೆ ಆಸ್ತಿಯಾಗ ಪಾಲು ಇರತೈತಿ.

ಬೆಟ್ಟ ತೋಟ
ನಾನು ಹೆಗಡೆ ಅಲ್ಲ, ಭಟ್ಟ. ಬೆಟ್ಟ ಇದ್ದದ್ದಕ್ಕೇ ಅಲ್ಲಿ ಮರ ಉಳಿದಿದೆ, ಇಲ್ಲವಾದರೆ ಕಂಪನಿಗಳು ಎಂದೋ ನುಂಗುತ್ತಿದ್ದವು. ಆದರೆ ಕೊನೆಯ ಮಾತಿಗೆ ನನ್ನ ಬಳಿ ಉತ್ತರ ಇಲ್ಲ, ಒಪ್ಪುತ್ತೇನೆ.

ನಿರ್ವಾಹಕರು
ಇಲ್ಲಿದ್ದ ಮೂರು ಉತ್ತರಗಳನ್ನ ತೆಗೆದಿದ್ದೇವೆ. ಬಣ್ಣ, ಜಾತಿ ಎತ್ತಿ ಆಡುವವರಿಗೆ ಎಚ್ಚರಿಕೆ ಇದೊಂದೇ ಸಲ.

ನೀಲಿ ಅಂಚು
ಅಮೆರಿಕದ ಕಪ್ಪು ಜನರಿಗೂ ನಮಗೂ ಸಂಬಂಧವೇ ಇಲ್ಲ ಅನ್ನುವವರಿಗೆ: ಅಂಬೇಡ್ಕರ್ 1946ರಲ್ಲಿ ಅಲ್ಲಿನ ಕಪ್ಪು ಜನರ ನಾಯಕ, ಚಿಂತಕ ಡುಬಾಯ್ಸ್ ಅವರಿಗೆ ಪತ್ರ ಬರೆದಿದ್ದರು. ಕಪ್ಪು ಜನ ವಿಶ್ವಸಂಸ್ಥೆಗೆ ಅರ್ಜಿ ಕೊಡ್ತಾರಂತೆ, ಅದರ ಪ್ರತಿ ಸಿಗುತ್ತಾ ಅಂತ. ಇಬ್ಬರೂ ಪರಸ್ಪರರ ಕೆಲಸದ ರೀತಿ ನೋಡಿ ಕಲೀತಿದ್ದರು, ಹೆಸರು ಬದಲಾಯಿಸು ಅಂತ ಯಾರೂ ಯಾರಿಗೂ ಹೇಳಲಿಲ್ಲ. ಆ ಅತಿಥಿಗಳಿಗೆ ಇದನ್ನೇ ಹೇಳಿ ತಂಗಿ. ಮನೆ ಬೇಡ, ನಿಮ್ಮ ವಕೀಲರು ಜಮೀನಿನ ಕೇಸು ಹೇಗೆ ನಡೆಸಿದರು ಅದು ಕಲಿಸಿ ಅನ್ನಿ.

ಮಾಸ್ತರ್ ಹಳಿಯಾಳ
ಈ ಮಾತಿಗೆ ನನ್ನದೊಂದು ಜೋಡಣಿ. ಗುಜರಾತಿನ ಸಿದ್ದಿಗಳು ಕೇಂದ್ರದ ಪಟ್ಟಿಯಾಗ ವಿಶೇಷ ದುರ್ಬಲ ಬುಡಕಟ್ಟು. ಕರ್ನಾಟಕದಾಗ ಆ ಪಟ್ಟಿಯೊಳಗ ಇರೂದು ಜೇನು ಕುರುಬ, ಕೊರಗ ಎರಡ. 2020ರಾಗ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣ ಆದರು, ಸಿದ್ದಿ ಸಮಾಜದಿಂದ ಮೊದಲನೇವರು. 1984ರಾಗ ಸಿದ್ದಿಗಳದ ಸಂಘ ಆದಾಗಿಂದ ಅಲ್ಲಿ ಮುಟ್ಟಾಕ 36 ವರ್ಷ ಹಿಡೀತು. ಸಭೆಯೊಳಗ ನಕ್ಷೆ ಬರೆಸೂದಾದರ ಕೇರಿದ ಬರೆಸ್ರಿ: ಯಾರ ಮನಿ ಎಲ್ಲಿ, ನೀರು ಎಲ್ಲಿ, ಹಿರಿಯರ ಪೂಜಿ ಜಾಗ ಎಲ್ಲಿ, ಜೇನಿನ ಮರ ಎಲ್ಲಿ. ಸಾಮುದಾಯಿಕ ಹಕ್ಕಿನ ಅರ್ಜಿಗೆ ಅದ ದಾಖಲಿ ಆಗತೈತಿ.

ಜೀನ್ ಪ್ಯಾಂಟು
ಜೇನು ಅಂದಾಗ ನೆನಪಾಯ್ತು, ಯಲ್ಲಾಪುರದ ತುಡುವೆ ಜೇನು ಅಸಲಿ ಎಲ್ಲಿ ಸಿಗುತ್ತೆ? ಬೆಂಗಳೂರಲ್ಲಿ ಬೆಲ್ಲದ ಪಾಕ ಕುಡಿಸ್ತಿದ್ದಾರೆ.

ಡಮಾಮಿ ಹುಡುಗಿ
ಎಲ್ಲರಿಗೂ ಧನ್ಯವಾದ. ಭಾನುವಾರ ಊರಿಗೆ ಹೋಗಿದ್ದೆ. ಮಾಸ್ತರ್ ಹೇಳಿದ್ದನ್ನೆಲ್ಲ ಬರಕೊಂಡು ಹೋಗಿದ್ದೆ. ತಮ್ಮನೇ ಕೂತು ಡ್ರಾಯಿಂಗ್ ಹಾಳೆ ಮೇಲೆ ಕೇರಿಯ ನಕ್ಷೆ ಅರ್ಧ ಬರೆದ, ಹಚ್ಚೆ ಹಾಕಿಸಿಕೊಂಡ ಅದೇ ಕೈಯಲ್ಲಿ. ಅಜ್ಜಿ ಪಕ್ಕದಲ್ಲಿ ಕೂತು ಹೇಳಿದ ಎರಡು ಹಳೇ ಬಾವಿ ಯಾರಿಗೂ ಗೊತ್ತೇ ಇರಲಿಲ್ಲ.

ಸಭೆ ಮಾತ್ರ ಆಗಲಿಲ್ಲ. ಅಡಿಕೆ ಕೊನೆ ಕೊಯ್ಲು ಶುರುವಾಗಿದೆ, ಒಡೆಯರು ಹೇಳಿಕಳಿಸಿದರು ಅಂತ ಗಂಡಸರೆಲ್ಲ ಬೆಳಗ್ಗೆ ಆರಕ್ಕೇ ತೋಟಕ್ಕೆ ಹೋಗಿದ್ದರು. ಮುಂದಿನ ಅಮಾವಾಸ್ಯೆಗೆ ಇಟ್ಟಿದ್ದಾರೆ.

ಬೆಟ್ಟ ತೋಟ
ಯಾವ ಊರಿನ ತೋಟ ಅಂತ ಕೇಳೋದಿಲ್ಲ. ಅಮಾವಾಸ್ಯೆ ದಿನ ನಮ್ಮಲ್ಲಿ ಕೊಯ್ಲಿಗೆ ರಜೆ.

ಕಲಘಟಗಿ ಸಿದ್ದಿ
ನಾನೂ ಬರತೀನಿ ತಂಗಿ. ಹಾಳಿ ದೊಡ್ಡದು ತಗೋ, ನಮ್ಮ ಊರಿಂದೂ ಬರೆಯೂದೈತಿ.